ಕೊಟ್ಟವಳಿಗೆ ಶಾಲು, ತೊಟ್ಟವಳಿಗೆ ಕೊಂಕು

2019ರ ಜನವರಿಯಲ್ಲಿ ನಮ್ಮೂರಿನ ಪಕ್ಕದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಇಂಥ ಸಭೆಗಳಿಗೆ ಕರೆ ಬರುವುದುಂಟು. ಅಂದು ವೇದಿಕೆಯ ಮೇಲೆ ಮೂವರು ಹುಡುಗಿಯರನ್ನು ಸಾಲಾಗಿ ಕುಳ್ಳಿರಿಸಿ ಶಾಲು ಹೊದೆಸಿದರು. ಸೊಂಟದವರೆಗೆ ಇಳಿಯುತ್ತಿದ್ದ ತಮ್ಮ ಜಡೆಗಳನ್ನು ಕತ್ತರಿಸಿ, ಕ್ಯಾನ್ಸರ್ ರೋಗಿಗಳ ವಿಗ್ಗಿಗೆಂದು ಅವರು ದಾನ ಮಾಡಿದ್ದರು. ಅಧ್ಯಕ್ಷರು ಕರ್ಣನ ಕವಚ ಕುಂಡಲದ ಕತೆ ಹೇಳಿದರು. ಫೋಟೋ ತೆಗೆದರು. ನಾನೂ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ತಲೆಗೂದಲು ತಿಂಗಳಿಗೆ ಅರ್ಧ ಇಂಚಿನಷ್ಟು ಬೆಳೆಯುವಂಥದು; ಒಂದು ಅಡಿ ಕೂದಲೆಂದರೆ ಎರಡು ವರ್ಷದ ಬೆಳೆ. ಹದಿಮೂರರ ಪ್ರಾಯದ ಹುಡುಗಿ ಅದನ್ನು ಕತ್ತರಿಸಿ ಕೊಡುವುದು ಸಣ್ಣ ಮಾತಲ್ಲ.

ಸಭೆ ಮುಗಿದು ಊಟಕ್ಕೆ ಕೂತಾಗ, ದೂರದ ಸಂಬಂಧದಲ್ಲಿ ನನಗೆ ಅತ್ತಿಗೆಯಾಗಬೇಕಾದವರೊಬ್ಬರು ಪಕ್ಕಕ್ಕೆ ಬಂದು ಕೂತರು. ನನ್ನ ಹಣೆಯ ಮೇಲ್ಭಾಗವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಸಾಲಿನಲ್ಲಿದ್ದ ಹತ್ತು ಮಂದಿಗೆ ಕೇಳಿಸುವಂತೆ ಹೇಳಿದರು: "ಇದು ಟೋಪನ್ ಅಲ್ವಾ? ಈ ಪ್ರಾಯದಲ್ಲಿ ನಿಂಗೆ ಈ ಶೋಕಿ ಎಂತಕ್ಕೆ ಮಾರಾಯ್ತಿ? ಸೆರಗು ಹೊದ್ಕೊಂಡ್ರೆ ಸಾಲದಾ?" ಸಾಲಿನಲ್ಲಿ ಕೆಲವರು ನಕ್ಕರು. ಬಡಿಸುವ ಹುಡುಗ ಸಾರಿನ ಸೌಟು ಹಿಡಿದುಕೊಂಡು ಹಾಗೆಯೇ ನಿಂತ.

ಅರ್ಧ ಗಂಟೆಯ ಹಿಂದೆ ಚಪ್ಪಾಳೆ ತಟ್ಟಿದ ಕೈಗಳೇ ಈಗ ಬಾಯಿಗೆ ಅಡ್ಡವಾಗಿ ನಗೆ ಮುಚ್ಚಿಕೊಳ್ಳುತ್ತಿದ್ದವು. ಕೂದಲು ಕೊಡುವವಳು ಪುಣ್ಯವಂತೆ; ಅದೇ ಕೂದಲನ್ನು ತೊಡುವವಳು ಶೋಕಿಯವಳು. ಹಾಗಾದರೆ ಆ ಹುಡುಗಿಯರು ತಮ್ಮ ಜಡೆಯನ್ನು ಯಾರಿಗೆ ಕೊಟ್ಟರು? ಯಾರ ತಲೆಯ ಮೇಲೂ ಕೂರಬಾರದ ಕೂದಲಿಗೆ ಶಾಲು ಯಾಕೆ? ಆ ದಿನ ನಾನು ಬಾಯಿ ಬಿಡಲಿಲ್ಲ. ಎಲೆ ಮಡಚಿ ಎದ್ದುಬಂದೆ. ಅಂದು ಹೇಳದ್ದನ್ನು ಈಗ ಹೇಳಲೇಬೇಕಾಗಿದೆ.

2018ರ ಮೇ ತಿಂಗಳಲ್ಲಿ ನನಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಯಿತು. ನಮ್ಮ ಗಡಿನಾಡಿನ ಎಷ್ಟೋ ಮಂದಿಯ ಹಾಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಕೀಮೋ ಹಾಕಿಸಿಕೊಂಡೆ. ಮೊದಲ ಕೀಮೋ ಆಗಿ ಹದಿನೇಳನೆಯ ದಿನ ಬೆಳಿಗ್ಗೆ ಬಾಚಣಿಗೆಯಲ್ಲಿ ಮುಷ್ಟಿಗಟ್ಟಲೆ ಕೂದಲು ಬಂತು. ಒಂದು ವಾರದಲ್ಲಿ ತಲೆ ಬರಿದಾಯಿತು. ಹುಬ್ಬೂ ಹೋಯಿತು. ಕನ್ನಡಿಯಲ್ಲಿ ಕಂಡವಳು ನಾನಲ್ಲ, ನನ್ನ ದೊಡ್ಡಜ್ಜಿ.

ದೊಡ್ಡಜ್ಜಿ ಎಂದರೆ ನನ್ನ ಅಜ್ಜಿಯ ಅಕ್ಕ. ಹದಿನಾರರಲ್ಲಿ ಗಂಡ ಸತ್ತ. ತಲೆ ಬೋಳಿಸಿದರು. ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅರುವತ್ತು ವರ್ಷ ಅವರು ಬದುಕಿದರು. ಮನೆಯಲ್ಲಿ ಮದುವೆಯಾದರೆ ಹಿಂದಿನ ಜಗಲಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ದಿಬ್ಬಣ ಹೊರಡುವಾಗ ಯಾರಿಗೂ ಎದುರಾಗಬಾರದೆಂದು ತಾವಾಗಿಯೇ ಕೊಟ್ಟಿಗೆಯ ಕಡೆಗೆ ಹೋಗುತ್ತಿದ್ದರು. ಆ ಪದ್ಧತಿ ಹೋಯಿತು ಎಂದು ನಾವು ಹೆಮ್ಮೆಪಡುತ್ತೇವೆ. ಹೋದದ್ದು ಕತ್ತಿ ಮಾತ್ರ. 'ಬೋಳಿ' ಎಂಬ ಮಾತು ಇಂದಿಗೂ ನಮ್ಮ ಭಾಷೆಯಲ್ಲಿ ಬೈಗುಳವಾಗಿಯೇ ಉಳಿದಿದೆ. ಬಸ್‌ಸ್ಟ್ಯಾಂಡಿನಲ್ಲಿ ಗಂಡಸರು ಒಬ್ಬರನ್ನೊಬ್ಬರು ಬೈಯುವಾಗ ಇವತ್ತಿಗೂ ದೊಡ್ಡಜ್ಜಿಯ ತಲೆಯನ್ನೇ ಎಳೆದು ತರುತ್ತಾರೆ. ಗಂಡಸಿನ ಬೋಳುತಲೆ ನಮಗೆ ತಮಾಷೆ, ಕೆಲವೊಮ್ಮೆ ಪಾಂಡಿತ್ಯದ ಗುರುತು. ಹೆಂಗಸಿನ ಬೋಳುತಲೆ ಅಪಶಕುನ.

ಈಗ ಅತ್ತಿಗೆಯ ಮಾತಿಗೆ ಮರಳೋಣ. 'ಸೆರಗು ಹೊದ್ದುಕೊಂಡರೆ ಸಾಲದಾ?' ಅವರು ಕೆಟ್ಟವರಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಗಂಜಿ ಮಾಡಿಕೊಂಡು ಬಂದವರು. ಆದರೆ ಆ ಸೆರಗು ಯಾವುದೆಂದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಅದು ದೊಡ್ಡಜ್ಜಿಯ ಕೆಂಪು ಸೀರೆಯ ಸೆರಗು. ಅದನ್ನು ಹೊದ್ದುಕೊಂಡು ಮತ್ತೆ ಹಿಂದಿನ ಜಗಲಿಗೆ ಹೋಗಿ ತರಕಾರಿ ಹೆಚ್ಚಲು ನಾನು ತಯಾರಿರಲಿಲ್ಲ. ಅದಕ್ಕಾಗಿ ವಿಗ್ ತೊಟ್ಟೆ. ಇದಕ್ಕೆ ಶೋಕಿ ಎಂಬ ಹೆಸರಾದರೆ ಆಗಲಿ.

'ಸುಳ್ಳು ಕೂದಲು' ಎಂದು ಮೂಗು ಮುರಿಯುವವರಿಗೆ ಒಂದು ಪ್ರಶ್ನೆ. ನಮ್ಮ ಮದುವೆಗಳಲ್ಲಿ ಮದುಮಗಳಿಗೆ ಮೊಗ್ಗಿನ ಜಡೆ ಹಾಕುವಾಗ ಒಳಗೆ ಸೇರಿಸುವುದು ಏನು? ಚೌರಿ. ಚಮರೀಮೃಗದ ಬಾಲದ ಹೆಸರನ್ನು ಇಂದಿಗೂ ಹೊತ್ತುಕೊಂಡಿರುವ ಚೌರಿ. ಮಲಯಾಳಂ ಮನೆಗಳಲ್ಲಿ ಅದನ್ನೇ 'ತಿರುಪ್ಪನ್' ಎನ್ನುತ್ತಾರೆ. ನನ್ನ ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಚೌರಿ ಇತ್ತು. ಊರಿನ ಆರೇಳು ಮದುವೆಗೆ ಅದೇ ಹೋಗಿ ಬಂದಿದೆ. ಆಗ ಯಾರೂ 'ಮೋಸ' ಎನ್ನಲಿಲ್ಲ, 'ಶಾಸ್ತ್ರ' ಎಂದರು. ನಮ್ಮದು ಕುಂಬಳೆ ಪಾರ್ತಿಸುಬ್ಬನ ನೆಲ. ಇಲ್ಲಿನ ಆಟದ ಚೌಕಿಯಲ್ಲಿ ಮೀಸೆ ಬೋಳಿಸಿ, ಉದ್ದ ಜಡೆ ಕಟ್ಟಿಕೊಂಡು, ದಮಯಂತಿಯಾಗಿ ರಂಗಕ್ಕೆ ಬರುವ ಗಂಡಸನ್ನು ನೋಡಿ ಕಣ್ಣೀರು ಹಾಕಿದವರು ನಾವು. ಆಗ ಅದು ಕಲೆ. ಶಾಲಾ ಕಲೋತ್ಸವ ಬಂದರೆ ಭರತನಾಟ್ಯಕ್ಕೆ, ಮೋಹಿನಿಯಾಟ್ಟಕ್ಕೆ ಮಕ್ಕಳ ತಲೆಗೆ ಬಾಡಿಗೆಯ ಕೂದಲು ಕಟ್ಟುತ್ತೇವೆ. ಆಗ ಅದು ಅಲಂಕಾರ. ಮದುಮಗಳಿಗೆ ಶಾಸ್ತ್ರ, ಗಂಡಸಿಗೆ ಕಲೆ, ಮಗುವಿಗೆ ಅಲಂಕಾರ. ರೋಗದಿಂದ ಕೂದಲು ಕಳೆದುಕೊಂಡವಳಿಗೆ ಮಾತ್ರ ಶೋಕಿ. ಇದು ಯಾವ ಊರಿನ ನ್ಯಾಯ?

ಈ ಕೊಂಕಿನಿಂದ ಬೇಸರವಾಗುತ್ತದೆ ಎಂಬುದಷ್ಟೇ ನನ್ನ ದೂರಲ್ಲ. ಇದರಿಂದ ಹಣ ಹಾಳಾಗುತ್ತದೆ, ತಲೆಯ ಚರ್ಮ ಹಾಳಾಗುತ್ತದೆ. ನನ್ನ ಮೊದಲ ವಿಗ್ಗಿನ ಕತೆಯನ್ನೇ ಕೇಳಿ. ಕೂದಲು ಪೂರ್ತಿ ಹೋದ ಮೇಲೆ, ಯಾರನ್ನೂ ಕೇಳದೆ, ನನ್ನ ಮಗ ಪೇಟೆಯ ಒಂದು ಅಂಗಡಿಯಿಂದ ಗುಟ್ಟಾಗಿ ತಂದ. 'ಅಸಲಿ ಮನುಷ್ಯರ ಕೂದಲು' ಎಂದು ಹೇಳಿ ಒಂಬತ್ತು ಸಾವಿರ ತೆಗೆದುಕೊಂಡಿದ್ದರು. ಒಳಗಿದ್ದ ಚೀಟಿ ಇಂಗ್ಲಿಷಿನಲ್ಲಿತ್ತು. ಅಳತೆ ಸರಿಯಿರಲಿಲ್ಲ, ತಲೆ ಬಗ್ಗಿಸಿದರೆ ಮುಂದಕ್ಕೆ ಜಾರುತ್ತಿತ್ತು. ಒಂದು ಸಂಜೆ ಬಚ್ಚಲೊಲೆಗೆ ಕಟ್ಟಿಗೆ ದೂಡಲು ಬಗ್ಗಿದೆ. ಬೆಂಕಿ ತಾಗಲಿಲ್ಲ, ಕಾವು ತಾಗಿತು, ಅಷ್ಟೇ. ಹಣೆಯ ಮೇಲಿನ ಕೂದಲೆಲ್ಲ ಸುರುಟಿಕೊಂಡು ಗಂಟಾಯಿತು. ಮೂಗಿಗೆ ಬಂದದ್ದು ಪ್ಲಾಸ್ಟಿಕ್ ಸುಟ್ಟ ವಾಸನೆ.

ಆ ಅಂಗಡಿಗೆ ಹೋಗಿ ನಾನು ಜಗಳ ಮಾಡಿದೆನೇ? ಇಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸರಿಯಿಲ್ಲವೆಂದು ಮೂರು ಸಲ ಅಂಗಡಿ ಮೆಟ್ಟಿಲು ಹತ್ತಿದವಳು ನಾನು. ಒಂಬತ್ತು ಸಾವಿರದ ಮೋಸಕ್ಕೆ ಬಾಯಿ ಮುಚ್ಚಿಕೊಂಡು ಕೂತೆ. ಯಾಕೆ? ನಾಚಿಕೆ. ಅಂಗಡಿಯಲ್ಲಿ ನಾಲ್ಕು ಮಂದಿಯ ಎದುರು 'ನನ್ನ ತಲೆ ಬೋಳು' ಎಂದು ಹೇಳಬೇಕಲ್ಲ ಎಂಬ ನಾಚಿಕೆ. ನಮ್ಮ ಈ ನಾಚಿಕೆಯೇ ಮೋಸಗಾರನ ಬಂಡವಾಳ. ಅದನ್ನು ಅವನಿಗೆ ಒದಗಿಸಿಕೊಡುವವರು ಊಟದ ಸಾಲಿನಲ್ಲಿ ನಗುವವರು.

ನನಗೆ ದಾರಿ ತೋರಿಸಿದವರು ಕಾಞಂಗಾಡಿನ ಕಡೆಯ ಒಬ್ಬ ಮಲಯಾಳಿ ಚೇಚಿ. ಕೀಮೋ ವಾರ್ಡಿನಲ್ಲಿ ನನ್ನ ಪಕ್ಕದ ಮಂಚ. "ಟೀಚರೇ, ವೆಪ್ಪುಮುಡಿ ತೆಗೆದುಕೊಳ್ಳುವ ಮೊದಲು ಕೇಳಬಾರದಿತ್ತಾ?" ಎಂದು ಗದರಿಸಿ, ತಮ್ಮದನ್ನು ತಲೆಯಿಂದ ತೆಗೆದು ನನ್ನ ಮಡಿಲಲ್ಲಿಟ್ಟು, ಒಳಗಿನ ಹೊಲಿಗೆಯನ್ನೆಲ್ಲ ಬಿಡಿಸಿ ತೋರಿಸಿದರು. ಎದುರಿನ ಮಂಚದ ಮಾಪಿಳ್ಳೆ ಹೆಂಗಸು "ನಮಗೆ ತಟ್ಟ ಉಂಟು, ಆದ್ದರಿಂದ ಸುಲಭ" ಎಂದು ನಕ್ಕರು. ಆದರೆ ರಾತ್ರಿ ದೀಪ ಆರಿದ ಮೇಲೆ ಅವರೂ ಅಳುತ್ತಿದ್ದರು. ಕೂದಲಿನ ದುಃಖಕ್ಕೆ ಭಾಷೆಯ ಗಡಿಯಿಲ್ಲ, ಜಾತಿಯ ಗಡಿಯೂ ಇಲ್ಲ. ಆ ವಾರ್ಡಿನಲ್ಲಿ ನಾನು ಕಲಿತದ್ದನ್ನು, ಆಮೇಲೆ ಅನುಭವದಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಸಾಹಿತ್ಯದ ಸಂಚಿಕೆಯಲ್ಲಿ ಇದೆಲ್ಲ ಯಾಕೆ ಎನ್ನುವವರು ಕ್ಷಮಿಸಬೇಕು. ನನಗೆ ಬೇಕಾಗಿದ್ದಾಗ ಕನ್ನಡದಲ್ಲಿ ಇದನ್ನು ಹೇಳುವವರು ನನ್ನ ಕೈಗೆ ಸಿಗಲಿಲ್ಲ.

ಕೀಮೋದ ಎಲ್ಲ ಔಷಧಿಗಳಿಗೂ ಕೂದಲು ಉದುರುವುದಿಲ್ಲ. ಉದುರುವುದೇ ಎಂದು ಡಾಕ್ಟರರನ್ನು ಮೊದಲೇ ಕೇಳಿ. ಉದುರುವುದಾದರೆ ಸಾಮಾನ್ಯವಾಗಿ ಮೊದಲ ಕೀಮೋದ ನಂತರ ಎರಡು ಮೂರು ವಾರದೊಳಗೆ ಶುರುವಾಗುತ್ತದೆ. ಆದ್ದರಿಂದ ಕೂದಲು ಇರುವಾಗಲೇ ವಿಗ್ ನೋಡಲು ಹೋಗಬೇಕು. ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆಸಿಕೊಳ್ಳಿ, ಬಣ್ಣ ಹೊಂದಿಸಲು ಒಂದು ಎಳೆ ಕೂದಲು ಕತ್ತರಿಸಿ ಇಟ್ಟುಕೊಳ್ಳಿ. ಹಣೆಯ ಅಂಚಿನಿಂದ ಕಿವಿಯ ಮೇಲಾಗಿ ಕುತ್ತಿಗೆಯ ಹಿಂದಕ್ಕೆ ಟೇಪು ಹಿಡಿದು ಸುತ್ತಳತೆ ತೆಗೆಯಬೇಕು. ಹೆಚ್ಚಿನ ಹೆಂಗಸರಿಗೆ ಇದು 21ರಿಂದ 23 ಇಂಚಿನೊಳಗೆ ಬರುತ್ತದೆ. ಕೂದಲು ಹೋದ ಮೇಲೆ ಅಳತೆ ಸ್ವಲ್ಪ ತಗ್ಗುವುದರಿಂದ, ಹಿಂದೆ ಬಿಗಿ ಮಾಡುವ ಪಟ್ಟಿ ಇರುವುದನ್ನೇ ಆರಿಸಿ. ಒಳಗಿನ ಟೊಪ್ಪಿಯನ್ನು ಬೆರಳಿನಿಂದ ಸವರಿ ನೋಡಿ. ಕೂದಲಿರುವ ತಲೆಗೆ ಗೊತ್ತಾಗದ ಹೊಲಿಗೆ, ಬರಿತಲೆಗೆ ಮುಳ್ಳಿನ ಹಾಗೆ ಉಜ್ಜುತ್ತದೆ. ಅಡಿಯಲ್ಲಿ ತೆಳುವಾದ ಹತ್ತಿಯ ಟೊಪ್ಪಿ ಹಾಕಿಕೊಂಡರೆ ಬೆವರೂ ಹೀರುತ್ತದೆ.

ಕೃತಕ ಕೂದಲೋ ಮನುಷ್ಯರ ಕೂದಲೋ ಎಂಬುದು ಮುಂದಿನ ಪ್ರಶ್ನೆ. ಕೃತಕದ್ದು ಕೀಳಲ್ಲ. ಕ್ರಯ ಕಡಿಮೆ, ಹಗುರ, ತೊಳೆದ ಮೇಲೂ ಅದರ ವಿನ್ಯಾಸ ಹಾಗೆಯೇ ಇರುತ್ತದೆ. ದಿನವೂ ತೊಟ್ಟರೆ ನಾಲ್ಕರಿಂದ ಆರು ತಿಂಗಳು ಬರುತ್ತದೆ. ಅನೇಕರ ಚಿಕಿತ್ಸೆಗೆ ಅಷ್ಟು ಸಾಕಾಗಬಹುದು. ಆದರೆ ಅದಕ್ಕೆ ಬೆಂಕಿಯೇ ವೈರಿ. ಸೌದೆ ಒಲೆಯ ಕಾವು, ಇಡ್ಲಿಯ ಅಟ್ಟಿನಳಗೆಯ ಮುಚ್ಚಳ ತೆಗೆದಾಗ ಏಳುವ ಹಬೆ, ಒಗ್ಗರಣೆಯ ಬಾಣಲೆ, ಇವೆಲ್ಲದರಿಂದ ದೂರವಿರಬೇಕು. ಅಡುಗೆಮನೆಗೆ ಹೋಗುವಾಗ ವಿಗ್ ತೆಗೆದಿಟ್ಟು ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಮನುಷ್ಯರ ಕೂದಲಿನದು ದುಬಾರಿ. ಜೋಪಾನ ಮಾಡಿದರೆ ವರ್ಷ ಅಥವಾ ಹೆಚ್ಚು ಬಾಳುತ್ತದೆ. ಅಸಲಿಯೋ ಎಂದು ತಿಳಿಯಲು ಅಂಗಡಿಯವನ ಎದುರೇ ಎರಡೆಳೆ ಕೇಳಿ ಪಡೆದು ಬೆಂಕಿಕಡ್ಡಿ ತೋರಿಸಿ. ಮನುಷ್ಯರ ಕೂದಲು ಹಕ್ಕಿಯ ಗರಿ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿಯಾಗುತ್ತದೆ. ಕೃತಕದ್ದು ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದು ಬೆಂಕಿಕಡ್ಡಿ ಗೀರಿದ್ದರೆ ನನ್ನ ಒಂಬತ್ತು ಸಾವಿರ ಉಳಿಯುತ್ತಿತ್ತು.

ಮನುಷ್ಯರ ಕೂದಲಿನಲ್ಲೂ ಎರಡು ಬಗೆ. ಕೂದಲ ಮೈಮೇಲೆ ಮನೆಯ ಮಾಡಿನ ಹಂಚಿನ ಹಾಗೆ ಒಂದರ ಮೇಲೊಂದು ಹೊದ್ದ ಸೂಕ್ಷ್ಮ ಪದರಗಳಿರುತ್ತವೆ, ಎಲ್ಲವೂ ಬುಡದಿಂದ ತುದಿಯ ಕಡೆಗೆ. ತಲೆಯಿಂದ ಒಟ್ಟಾಗಿ ಕತ್ತರಿಸಿ, ಬುಡ ತುದಿ ಕಲೆಸದೆ ಹೊಲಿದ ಕೂದಲಿಗೆ ವ್ಯಾಪಾರದಲ್ಲಿ 'ರೆಮಿ' ಎನ್ನುತ್ತಾರೆ. ಅದು ಸಿಕ್ಕಾಗುವುದು ಕಡಿಮೆ. ಬಾಚಣಿಗೆಯಲ್ಲಿ ಬಂದ ಉಂಡೆಗಳಿಂದ ಬಿಡಿಸಿದ ಕೂದಲಿನಲ್ಲಿ ಬುಡ ತುದಿ ಬೆರಕೆ. ಅದು ಸಿಕ್ಕಾಗದಿರಲೆಂದು ಆಮ್ಲದಲ್ಲಿ ಅದ್ದಿ ಪದರ ಸವೆಸಿ, ಮೇಲೆ ಸಿಲಿಕೋನ್ ಲೇಪಿಸಿ ಮಿಂಚಿಸುವವರಿದ್ದಾರೆ. ಕೆಲವು ಸಲ ತೊಳೆಯುವುದರೊಳಗೆ ಆ ಮಿಂಚು ಹೋಗಿ ತೆಂಗಿನ ನಾರಿನಂತಾಗುತ್ತದೆ. ಆದ್ದರಿಂದ ಹೊಳಪು ನೋಡಿ ಮರುಳಾಗಬೇಡಿ. ಎರಡು ಬೆರಳ ನಡುವೆ ಹಿಡಿದು ತುದಿಯಿಂದ ಬುಡದ ಕಡೆಗೂ ಬುಡದಿಂದ ತುದಿಯ ಕಡೆಗೂ ಎಳೆದು ನೋಡಿ.

ಜೋಪಾನದ ವಿಷಯದಲ್ಲಿ ನಮ್ಮ ಕರಾವಳಿಯವರು ಮಾಡುವ ಮೊದಲ ತಪ್ಪು ತೆಂಗಿನೆಣ್ಣೆ. ಕೂದಲು ಎಂದರೆ ಎಣ್ಣೆ ಎಂಬುದು ನಮ್ಮ ರಕ್ತದಲ್ಲಿದೆ. ನನ್ನ ಅತ್ತೆ ಪ್ರೀತಿಯಿಂದಲೇ ನನ್ನ ಎರಡನೆಯ ವಿಗ್ಗಿಗೆ ಅಂಗೈ ತುಂಬ ಎಣ್ಣೆ ಹಚ್ಚಿಟ್ಟಿದ್ದರು! ವಿಗ್ಗಿಗೆ ಬೇರಿಲ್ಲ, ಅದು ಎಣ್ಣೆ ಕುಡಿಯುವುದಿಲ್ಲ. ಎಣ್ಣೆ ಧೂಳು ಹಿಡಿಯುತ್ತದೆ, ಒಳಟೊಪ್ಪಿ ಜಿಗುಟಾಗಿ ಕಮಟು ವಾಸನೆ ಬರುತ್ತದೆ. ಎರಡು ವಾರಕ್ಕೊಮ್ಮೆ, ನಮ್ಮ ಮಾರ್ಚ್ ಏಪ್ರಿಲಿನ ಬೆವರಿನಲ್ಲಿ ಅದಕ್ಕೂ ಮೊದಲೇ, ತಣ್ಣೀರಿನಲ್ಲಿ ಸ್ವಲ್ಪ ಶಾಂಪೂ ಬೆರೆಸಿ ಅದ್ದಿ ಎತ್ತಬೇಕು. ತಿಕ್ಕಬಾರದು, ಹಿಂಡಬಾರದು. ಬೈರಾಸಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಕೃತಕ ಕೂದಲನ್ನು ಒದ್ದೆ ಇರುವಾಗ ಬಾಚಬಾರದು. ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ತೊಟ್ಟುಕೊಂಡು ಮಲಗಬಾರದು. ತಲೆಯ ಚರ್ಮವನ್ನು ದಿನವೂ ತೊಳೆದು ಒರೆಸಬೇಕು. ತುರಿಕೆ, ಗುಳ್ಳೆ ಕಂಡರೆ ವಿಗ್ ಬದಿಗಿಟ್ಟು ಡಾಕ್ಟರರಿಗೆ ತೋರಿಸಬೇಕು. ಕೀಮೋದ ಸಮಯದಲ್ಲಿ ಸಣ್ಣ ಗಾಯವೂ ಸಣ್ಣದಲ್ಲ.

ಇದು ರೋಗಿಗಳಿಗೆ ಮಾತ್ರದ ಪಾಠವಲ್ಲ. ಈಗ ನಮ್ಮ ಹುಡುಗಿಯರು ಮದುವೆಗೆ ಮೊದಲು ಪಾರ್ಲರಿಗೆ ಹೋಗಿ ಕೂದಲು ಜೋಡಿಸಿಕೊಳ್ಳುತ್ತಾರೆ. ಅವರನ್ನು ಬೈಯುವ ಹಿರಿಯರ ಪಕ್ಷ ನಾನು ವಹಿಸುವುದಿಲ್ಲ. ಚೌರಿ ಕಟ್ಟಿದ ಕೈಗೆ ಬೈಯುವ ಹಕ್ಕಿಲ್ಲ. ಆದರೆ ಚೌರಿಯಾಗಲಿ, ಪಾರ್ಲರಿನಲ್ಲಿ ಹೊಲಿದ ಕೂದಲಾಗಲಿ, ಭಾರ ಹೊರುವುದು ಸ್ವಂತ ಕೂದಲಿನ ಬುಡ. ಬಿಗಿಯಾಗಿ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಕಿವಿಯ ಮುಂದೆ, ಹಣೆಯ ಅಂಚಿನಲ್ಲಿ ಕೂದಲು ತೆಳುವಾಗುತ್ತದೆ. ಬೇಗ ಗಮನಿಸಿ ಬಿಟ್ಟರೆ ಮರಳಿ ಬರುತ್ತದೆ. ವರ್ಷಗಟ್ಟಲೆ ಹಾಗೆಯೇ ಮಾಡಿದರೆ ಬುಡವೇ ಸತ್ತು ಮತ್ತೆ ಬರುವುದಿಲ್ಲ. ಕಟ್ಟಿದಾಗ ನೋಯುತ್ತದೆ ಎಂದರೆ ಬಿಗಿ ಹೆಚ್ಚಾಯಿತು ಎಂದೇ ಅರ್ಥ. 'ಚಂದ ಬೇಕಾದರೆ ನೋವು ಸಹಿಸಬೇಕು' ಎಂದು ಮದುಮಗಳಿಗೆ ಹೇಳುವುದನ್ನು ನಿಲ್ಲಿಸಿ. ಕ್ಲಿಪ್ಪಿನಲ್ಲಿ ಸಿಕ್ಕಿಸುವಂಥದ್ದನ್ನು ರಾತ್ರಿ ತೆಗೆದಿಡಿ. ಹೊಲಿದದ್ದನ್ನು ಆರೆಂಟು ವಾರಕ್ಕಿಂತ ಹೆಚ್ಚು ಬಿಡಬೇಡಿ. ಅಂಟು ಹಚ್ಚುವುದಾದರೆ ಮೊದಲು ಕೈಯ ಚರ್ಮಕ್ಕೆ ಹಚ್ಚಿ ಒಂದೆರಡು ದಿನ ನೋಡಿ. ಕಲೋತ್ಸವದ ಬಾಡಿಗೆ ಕೂದಲು ಒಂದು ತಲೆಯಿಂದ ಇನ್ನೊಂದು ತಲೆಗೆ ತೊಳೆಯದೆ ಹೋಗುತ್ತದೆ; ಅದರೊಟ್ಟಿಗೆ ಹೇನೂ ಹೋಗುತ್ತದೆ. ಇದನ್ನು ಯಾವ ಅಧ್ಯಾಪಕ ರಕ್ಷಕ ಸಂಘದಲ್ಲಾದರೂ ಚರ್ಚಿಸಿದ್ದುಂಟೆ?

'ಬೇರೆಯವರ ಕೂದಲು, ಮೈಲಿಗೆ' ಎನ್ನುವವರೂ ಇದ್ದಾರೆ. ಆ ಕೂದಲು ಎಲ್ಲಿಂದ ಬರುತ್ತದೆ ಎಂದು ಅವರು ಯೋಚಿಸಿದ್ದಾರೆಯೇ? ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ನಾವೇ ಹರಕೆ ಹೊತ್ತು ಕೊಟ್ಟ ಮುಡಿಯನ್ನು ದೇವಸ್ಥಾನ ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹರಾಜು ಹಾಕುತ್ತದೆ. 2011ರಿಂದ ಅದು ಕಂಪ್ಯೂಟರಿನ ಮೂಲಕ ನಡೆಯುವ ಹರಾಜು. ವರ್ಷದ ಹುಟ್ಟುವಳಿ ನೂರು ಕೋಟಿ ರೂಪಾಯಿ ಮೀರಿದ್ದುಂಟು. ಬೀದಿಯಲ್ಲಿ ಪಿನ್ನು, ಪಾತ್ರೆ ಕೊಟ್ಟು ಹೆಂಗಸರು ಬಾಚಿದ ಕೂದಲಿನ ಉಂಡೆ ಕೊಂಡುಹೋಗುವವರನ್ನು ಕರ್ನಾಟಕದಲ್ಲಿ ನೀವು ನೋಡಿರಬಹುದು. ಆ ಉಂಡೆಗಳು ಹೋಗಿ ಸೇರುವ ಊರುಗಳಲ್ಲಿ ಕೊಪ್ಪಳದ ಭಾಗ್ಯನಗರವೂ ಒಂದು. ಅಲ್ಲಿ ಕನ್ನಡದ ಹೆಂಗಸರೇ ಕೂತು ಎಳೆ ಎಳೆಯಾಗಿ ಸಿಕ್ಕು ಬಿಡಿಸಿ, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. 2022ರ ಜನವರಿಯಲ್ಲಿ ಕೇಂದ್ರ ಸರಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತು. ಉಂಡೆ ಹಾಗೆಯೇ ಹೊರದೇಶಕ್ಕೆ ಹೋದರೆ ಇಂಥ ಕೈಗಳಿಗೆ ಕೆಲಸವಿಲ್ಲ. ಇಷ್ಟು ಮಂದಿಯ ಭಕ್ತಿಯೂ ಬೆವರೂ ಸೇರಿದ ವಸ್ತುವಿಗೆ ಮೈಲಿಗೆ ಎಂದು ಹೆಸರಿಡುವುದೇ?

2004ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಕಟ್ಟಾ ಯಹೂದಿ ಪಂಥದ ಮದುವೆಯಾದ ಹೆಂಗಸರು ಸ್ವಂತ ಕೂದಲನ್ನು ಪರರಿಗೆ ಕಾಣದಂತೆ ಮುಚ್ಚಬೇಕೆಂದು ನಿಯಮ. ಅವರಲ್ಲಿ ಅನೇಕರು ಅದಕ್ಕಾಗಿ ವಿಗ್ ತೊಡುತ್ತಾರೆ. ಅವರ ವಿಗ್ಗುಗಳಲ್ಲಿ ತಿರುಪತಿಯ ಮುಡಿ ಇದೆ, ಅದು ಅನ್ಯದೇವರಿಗೆ ಅರ್ಪಿಸಿದ್ದು ಎಂದು ಇಸ್ರೇಲಿನ ಧರ್ಮಗುರುಗಳು ಆ ವರ್ಷ ನಿಷೇಧಿಸಿದರು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ವಿಗ್ಗುಗಳನ್ನು ಬೀದಿಗೆ ತಂದು ಸುಟ್ಟರು. ಸುಟ್ಟದ್ದನ್ನು ನಾನು ಮೆಚ್ಚುವುದಿಲ್ಲ. ಆದರೆ ಅವರು 'ಇದು ಯಾರ ಕೂದಲು' ಎಂದು ಕೇಳಿದರು. ಮುಡಿ ಕೊಟ್ಟ ನಾವು ಕೇಳಲಿಲ್ಲ. ಕೇಳಿದ್ದರೆ ವಿಗ್ ತೊಟ್ಟವಳ ತಲೆಯಲ್ಲಿ ನಮ್ಮ ಅಕ್ಕತಂಗಿಯರ ಹರಕೆ ಕಾಣುತ್ತಿತ್ತು.

'ಮೋಸ' ಎಂಬ ಮಾತು ಒಂದು ಉಳಿದಿದೆ. ಮದುವೆಯ ಮಾತುಕತೆಯಲ್ಲಿ ರೋಗವನ್ನು ಮುಚ್ಚಿಟ್ಟರೆ ಅದು ಮೋಸವೇ. ಆದರೆ ರೋಗ ಹೇಳಲಿಕ್ಕೆ ಧೈರ್ಯವಿರುವ ಮನೆ ಯಾವುದು? ಕೂದಲು ಹೋದವಳ ತಂಗಿಗೂ ಸಂಬಂಧ ಕೂಡಿಬರದಂತೆ ಮಾಡುವವರು ನಾವು. ಮೊದಲು ಬಾಗಿಲು ಮುಚ್ಚಿ, ಆಮೇಲೆ ಕಿಟಕಿಯಿಂದ ಬಂದಳೆಂದು ದೂರಿದರೆ ಹೇಗೆ?

ಎಲ್ಲರೂ ವಿಗ್ ತೊಡಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಪಕ್ಕದ ಬೈಲಿನ ಒಬ್ಬ ತಂಗಿ ಕೀಮೋ ಮುಗಿಯುವವರೆಗೂ ಬರಿತಲೆಯಲ್ಲೇ ಹಾಲಿನ ಸೊಸೈಟಿಗೆ ಹೋಗಿ ಬಂದಳು. ಅವಳಿಗೆ ನನ್ನ ನಮಸ್ಕಾರ. ಬರಿತಲೆಯಲ್ಲಿ ನಡೆಯುವವಳಿಗೂ ದಾರಿ ಬಿಡಿ, ವಿಗ್ ತೊಟ್ಟು ನಡೆಯುವವಳಿಗೂ ದಾರಿ ಬಿಡಿ. ತಲೆ ಅವರದು.

ನನ್ನ ಕೂದಲು ಮತ್ತೆ ಬಂದಿದೆ. ಮೊದಲು ನೇರವಾಗಿದ್ದದ್ದು ಈಗ ಗುಂಗುರಾಗಿ, ಪೂರ್ತಿ ಬೆಳ್ಳಗಾಗಿ ಬಂತು. ವಿಗ್ಗನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನಾನು ವಿಗ್ ತೊಟ್ಟಿದ್ದೆ ಎಂದು ಊರಿಗೆ ಗೊತ್ತಾದ ಮೇಲೆ ಫೋನುಗಳು ಬರತೊಡಗಿದವು. ಬದಿಯಡ್ಕದ ಕಡೆಯಿಂದ, ಮಂಜೇಶ್ವರದ ಕಡೆಯಿಂದ, ಒಮ್ಮೆ ಪಯ್ಯನ್ನೂರಿನಿಂದ. ಕನ್ನಡದಲ್ಲಿ ಕೇಳುವವರು, ಮಲಯಾಳದಲ್ಲಿ ಕೇಳುವವರು. ಎಲ್ಲರೂ ಪಿಸುದನಿಯಲ್ಲಿ. ಎಲ್ಲರ ಕೊನೆಯ ಮಾತೂ ಒಂದೇ: "ಯಾರಿಗೂ ಹೇಳ್ಬೇಡಿ ಟೀಚರ್." ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಈ ಪಿಸುದನಿಯ ಹೊಣೆ ಅವರದಲ್ಲ, ನಮ್ಮೆಲ್ಲರದು.

ಕೇಶದಾನದ ಸಭೆ ನಡೆಸುವ ಸಂಘಗಳಿಗೆ, ಶಾಲೆಗಳಿಗೆ ನನ್ನ ಕೇಳಿಕೆ ಇಷ್ಟೇ. ದಾನದ ಸಭೆಯನ್ನು ನಿಲ್ಲಿಸಬೇಡಿ. ಆ ಜಡೆ ಎಲ್ಲಿಗೆ ಹೋಗುತ್ತದೆ, ವಿಗ್ ಬೇಕಾದವರು ಯಾರನ್ನು ಕೇಳಬೇಕು, ಹೇಗೆ ಆರಿಸಬೇಕು, ಹೇಗೆ ತೊಳೆಯಬೇಕು ಎಂಬುದನ್ನು ಒಂದು ಹಾಳೆಯಲ್ಲಿ, ಒಂದು ಬದಿ ಕನ್ನಡ ಇನ್ನೊಂದು ಬದಿ ಮಲಯಾಳ ಅಚ್ಚು ಹಾಕಿಸಿ, ಸಭೆಗೆ ಬಂದ ಪ್ರತಿಯೊಬ್ಬರ ಕೈಗೂ ಕೊಡಿ. ಯಾರ ಮನೆಯಲ್ಲಿ ಯಾವಾಗ ಬೇಕಾಗುವುದೋ ಯಾರಿಗೆ ಗೊತ್ತು? ಮತ್ತೆ, ವೇದಿಕೆಯಲ್ಲಿ ಇನ್ನೊಂದು ಕುರ್ಚಿ ಹಾಕಿ. ಕೂದಲು ಕೊಟ್ಟ ಹುಡುಗಿಯ ಪಕ್ಕದಲ್ಲಿ ಕೂದಲು ತೊಟ್ಟವಳೊಬ್ಬಳು, ಮನಸ್ಸಿದ್ದರೆ, ಬಂದು ಕೂರಲಿ. ಶಾಲು ಬೇಡ. ಊಟದ ಸಾಲಿನಲ್ಲಿ ಅವಳ ತಲೆಯನ್ನು ದಿಟ್ಟಿಸಿ ನೋಡದಿದ್ದರೆ ಸಾಕು. ಅಂಥ ಸಭೆಗೆ ಮೊದಲ ಸಲ ಯಾರೂ ಸಿಗದಿದ್ದರೆ ನನ್ನನ್ನು ಕರೆಯಿರಿ. ಪೆಟ್ಟಿಗೆಯಲ್ಲಿರುವ ವಿಗ್ಗನ್ನು ತೊಟ್ಟುಕೊಂಡೇ ಬರುತ್ತೇನೆ.